ಒರೆಗಲ್ಲನ್ನೇ ಒರೆಗೆ ಹಚ್ಚಿದಾಗ

ಅಕ್ಕಸಾಲಿಗನ ಅಂಗಡಿಯಲ್ಲಿ ಚಿನ್ನವನ್ನು ಒರೆಗಲ್ಲಿನ ಮೇಲೆ ಉಜ್ಜಿ ನೋಡುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಕರಿಯ ಕಲ್ಲಿನ ಮೇಲೆ ಮೂಡಿದ ಗೆರೆಯ ಬಣ್ಣವನ್ನು ನೋಡಿ ಆತನು ಒಡವೆಗೆ ಬೆಲೆ ಕಟ್ಟುತ್ತಾನೆ. ಗಿರಾಕಿಯ ದೃಷ್ಟಿಯೆಲ್ಲ ಚಿನ್ನದ ಮೇಲೆಯೇ ಇರುತ್ತದೆ. ಕಲ್ಲು ಸರಿಯಾಗಿದೆಯೇ ಎಂದು ಕೇಳುವವರು ವಿರಳ. ವಿಜ್ಞಾನದ ಪೇಟೆಯಲ್ಲಿಯೂ ಇಂಥದೊಂದು ಒರೆಗಲ್ಲು ಉಂಟು. ಅದನ್ನು ಕುರಿತು, ಮತ್ತು ಅದನ್ನೇ ಒರೆಗೆ ಹಚ್ಚಿ ನೋಡಲು ನಡೆದ ಕೆಲವು ಪ್ರಯೋಗಗಳನ್ನು ಕುರಿತು ಇಲ್ಲಿ ವಿಚಾರ ಮಾಡೋಣ.

ಸಂಶೋಧಕನೊಬ್ಬನು ತನ್ನ ಪ್ರಯೋಗಾಲಯದಲ್ಲಿ ಹೊಸ ಸಂಗತಿಯೊಂದನ್ನು ಕಂಡುಕೊಂಡನೆನ್ನೋಣ. ಅದನ್ನು ಲೇಖನವಾಗಿ ಬರೆದು ಒಂದು ವೈಜ್ಞಾನಿಕ ಪತ್ರಿಕೆಯ ಸಂಪಾದಕರಿಗೆ ಕಳುಹಿಸುತ್ತಾನೆ. ಎಲ್ಲ ವಿಷಯಗಳೂ ಸಂಪಾದಕರಿಗೆ ತಿಳಿದಿರುವುದು ಸಾಧ್ಯವಿಲ್ಲ. ಆದುದರಿಂದ ಅವರು ಅದೇ ವಿಷಯದಲ್ಲಿ ದುಡಿಯುತ್ತಿರುವ ಇಬ್ಬರು ಮೂವರು ವಿದ್ವಾಂಸರಿಗೆ ಹಸ್ತಪ್ರತಿಯನ್ನು ಒಪ್ಪಿಸಿ, ಅವರ ಅಭಿಪ್ರಾಯವನ್ನು ಬರೆಯಿಸಿ ತರಿಸಿಕೊಳ್ಳುತ್ತಾರೆ. ಈ ಪದ್ಧತಿಗೆ ಪೀರ್ ರಿವ್ಯೂ ಎಂದು ಹೆಸರು. ನಾವು ಸಹವಿದ್ವಾಂಸರ ಪರಿಶೀಲನೆ ಎನ್ನಬಹುದು. ಪರಿಶೀಲಕರು ಯಾರೆಂಬುದು ಸಾಮಾನ್ಯವಾಗಿ ಲೇಖಕನಿಗೆ ತಿಳಿಯದು. ವಿಶ್ವವಿದ್ಯಾನಿಲಯದ ಪರೀಕ್ಷೆಯಲ್ಲಿ ನಿಮ್ಮ ಉತ್ತರಪತ್ರಿಕೆಯನ್ನು ತಿದ್ದಿದವರು ಯಾರೆಂದು ನಿಮಗೆ ಹೇಗೆ ತಿಳಿಯದೋ ಹಾಗೆಯೇ ಇದೂ. ನಿಮ್ಮ ಪಠ್ಯಪುಸ್ತಕದಲ್ಲಿ ಹೊಸದಾಗಿ ಸೇರಿದ ಸಂಗತಿಗಳು, ವೈದ್ಯರು ಬರೆದುಕೊಡುವ ಔಷಧಗಳ ಹಿಂದಿರುವ ಪರೀಕ್ಷೆಗಳು, ಇವೆಲ್ಲ ಬಹುಮಟ್ಟಿಗೆ ಈ ಜರಡಿಯಲ್ಲಿ ಇಳಿದು ಬಂದವು. ಹೀಗಿರುವಲ್ಲಿ, ಜರಡಿಯ ಕಣ್ಣು ಎಷ್ಟು ದೊಡ್ಡದು ಎಂಬುದು ವಿದ್ವಾಂಸರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ.

ಈ ಪದ್ಧತಿ ವಿಜ್ಞಾನದೊಡನೆಯೇ ಹುಟ್ಟಿತೆಂದು ಬಹುಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ೧೬೬೫ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದಾಗ, ಯಾವುದನ್ನು ಅಚ್ಚು ಹಾಕಬೇಕೆಂಬುದನ್ನು ಬಹುಮಟ್ಟಿಗೆ ಆತನೇ ತೀರ್ಮಾನಿಸುತ್ತಿದ್ದನು. ಟೀಕೆಗಳು ಬರುತ್ತಿದ್ದುದು ಲೇಖನ ಬೆಳಕು ಕಂಡ ಮೇಲೆ, ಪತ್ರಗಳ ರೂಪದಲ್ಲಿ. ೧೬೭೨ರಲ್ಲಿ ಬೆಳಕು ಮತ್ತು ಬಣ್ಣಗಳನ್ನು ಕುರಿತ ತನ್ನ ಲೇಖನಕ್ಕೆ ರಾಬರ್ಟ್ ಹುಕ್ ಮೊದಲಾದವರು ಎತ್ತಿದ ಆಕ್ಷೇಪಣೆಗಳಿಂದ ನ್ಯೂಟನ್ ಎಷ್ಟು ಬೇಸತ್ತನೆಂದರೆ, ಬೆಳಕನ್ನು ಕುರಿತ ಅವನ ದೊಡ್ಡ ಗ್ರಂಥ ಹೊರಬಂದುದು ೧೭೦೪ರಲ್ಲಿ, ಹುಕ್ ತೀರಿಕೊಂಡ ಮರುವರ್ಷ.

ಲಿಖಿತ ವರದಿಯನ್ನು ಕೇಳಿ ಪಡೆಯುವ ಹೊಸ ಏರ್ಪಾಟನ್ನು ಪರೀಕ್ಷಿಸಿ ನೋಡೋಣವೆಂದು ಸೂಚಿಸಿದವನು ವಿಲಿಯಂ ಹ್ಯೂಎಲ್. ‘ಸೈಂಟಿಸ್ಟ್’ ಎಂಬ ಮಾತನ್ನು ಟಂಕಿಸಿದ ಮಹಾಶಯನೂ ಈತನೇ. ರಾಯಲ್ ಸೊಸೈಟಿಗೆ ಬಂದ ಲೇಖನಗಳನ್ನು ತಜ್ಞರು ಓದಿ ಬಹಿರಂಗ ವರದಿ ಬರೆಯಬೇಕೆಂದು ೧೮೩೧ರಲ್ಲಿ ಆತನು ಸಲಹೆ ಕೊಟ್ಟನು. ಮೊದಲ ಪ್ರಯೋಗಕ್ಕೆ ಸಿಕ್ಕಿದುದು ಭೂಮಿ ಮತ್ತು ಶುಕ್ರಗ್ರಹಗಳ ಚಲನೆಯಲ್ಲಿ ಕಾಣುವ ದೀರ್ಘಾವಧಿಯ ಏರುಪೇರನ್ನು ಕುರಿತು ಜಾರ್ಜ್ ಐರಿ ಬರೆದ ಪ್ರಬಂಧ. ಪರಿಶೀಲಕರು ಇಬ್ಬರು: ಹ್ಯೂಎಲ್ ತಾನೇ ಒಬ್ಬ, ಜಾನ್ ಲಬ್ಬಾಕ್ ಎಂಬ ಗಣಿತಜ್ಞ ಇನ್ನೊಬ್ಬ. ಆರಂಭದಲ್ಲಿಯೇ ಇವರಿಬ್ಬರಿಗೂ ಹೊಂದಲಿಲ್ಲ. ಈ ಶೋಧ ಏಕೆ ಮಹತ್ವದ್ದು ಎಂಬುದನ್ನು ಲೋಕಕ್ಕೆ ತಿಳಿಸುವುದೇ ವರದಿಯ ಕೆಲಸವೆಂದು ಹ್ಯೂಎಲನ ಮತ. ಲೆಕ್ಕದಲ್ಲಿ ಎಲ್ಲಿ ತಪ್ಪಿದೆಯೆಂದು ಹುಡುಕಿ ಲೇಖಕನಿಗೆ ತಿಳಿಸಬೇಕೆಂದು ಲಬ್ಬಾಕನ ಹಟ. ಬಹಳ ಎಳೆದಾಟದ ಅನಂತರ ಇಬ್ಬರ ಹೆಸರಿನಲ್ಲಿಯೂ ಒಂದು ವರದಿ ೧೮೩೨ರಲ್ಲಿ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ವರದಿಗಳು ಮುಚ್ಚಿದ ಲಕೋಟೆಗೆ ಸೇರಿದವು. ಬರೆದವರ ಹೆಸರೂ ಮರೆಯಾಯಿತು. ಬಹಿರಂಗ ವಿಮರ್ಶೆಯೆಂಬುದು ನಮ್ಮ ಕಾಲದ ಹೊಸ ಹುರುಪೆಂದು ಹೇಳುವವರು ಈ ಮೊದಲ ಪ್ರಯೋಗವನ್ನು ಮರೆತಿರುತ್ತಾರೆ.

ಲಕೋಟೆಯೊಳಗಿನ ವರದಿ ಏನು ಮಾಡಬಲ್ಲದೆಂಬುದಕ್ಕೆ ಐನ್‌ಸ್ಟೈನರ ಜೀವನದಲ್ಲಿ ನಡೆದ ಒಂದು ಪ್ರಸಂಗ ಉತ್ತಮ ಉದಾಹರಣೆ. ನೀರಿನಲ್ಲಿ ಕಲ್ಲೆಸೆದರೆ ಅಲೆ ಏಳುವಂತೆ, ಭಾರವಾದ ಕಾಯಗಳು ವೇಗದಿಂದ ಸುತ್ತಾಡಿದಾಗ ದೇಶಕಾಲದಲ್ಲಿಯೇ ಅಲೆಗಳು ಏಳಬೇಕೆಂದು ಅವರು ೧೯೧೬ರಲ್ಲಿ ಸೂಚಿಸಿದ್ದರು. ಇಪ್ಪತ್ತು ವರ್ಷಗಳ ಅನಂತರ, ಇಂಥ ಗುರುತ್ವದ ಅಲೆಗಳು ಇರಲಾರವೆಂದು ಅವರಿಗೇ ತೋರಿತು. ತಮ್ಮ ಸಹಾಯಕ ನೇಥನ್ ರೋಸನ್‌ರೊಡನೆ ಪ್ರಬಂಧವೊಂದನ್ನು ಬರೆದು ೧೯೩೬ರಲ್ಲಿ ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಗೆ ಕಳುಹಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬ ಪರಿಶೀಲಕರಿಗೆ ಕೊಟ್ಟರು. ಹತ್ತು ಪುಟಗಳ ಟಿಪ್ಪಣಿ ಬಂದಿತು: ವಾದದಲ್ಲಿ ದೋಷವಿದೆ.

ಆ ದೋಷದ ಸ್ವರೂಪವನ್ನು ತಿಳಿಯಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ. ಉತ್ತರ ಧ್ರುವದಲ್ಲಿ ನಿಂತವನ ರೇಖಾಂಶ ಎಷ್ಟು? ಎಲ್ಲ ರೇಖಾಂಶಗಳೂ ಅಲ್ಲಿ ಕೂಡುವುದರಿಂದ ಉತ್ತರ ಹೇಳಲು ಬರುವುದಿಲ್ಲ. ಹಾಗೆಂದು ಧ್ರುವದಲ್ಲಿ ಭೂಮಿ ಹರಿದುಹೋಗಿದೆ ಎನ್ನಬಹುದೇ? ಕೊರತೆಯಿರುವುದು ನಾವು ಎಳೆದ ಗೆರೆಗಳಲ್ಲಿ, ಭೂಮಿಯಲ್ಲಲ್ಲ. ಐನ್‌ಸ್ಟೈನರ ಸಮೀಕರಣಗಳಲ್ಲಿಯೂ ಒಂದೆಡೆ ಬೆಲೆಗಳು ಹೀಗೆಯೇ ಕೆಟ್ಟುಹೋಗುತ್ತಿದ್ದುವು. ಅದನ್ನು ಕಂಡು ಅಲೆಗಳೇ ಇಲ್ಲವೆಂದು ಅವರು ತೀರ್ಮಾನಿಸಿದ್ದರು. ಕೆಟ್ಟಿರುವುದು ಆರಿಸಿಕೊಂಡ ಅಳತೆಯ ಗೆರೆಗಳು ಮಾತ್ರವೆಂದೂ, ಬೇರೆ ರೀತಿಯಲ್ಲಿ ನೋಡಿದರೆ ಅದೇ ಗಣಿತದಿಂದ ಸಿಲಿಂಡರಿನ ಆಕಾರದ ಅಲೆಗಳು ದೊರೆಯುವುವೆಂದೂ ಪರಿಶೀಲಕರು ತೋರಿಸಿಕೊಟ್ಟಿದ್ದರು.

ಐನ್‌ಸ್ಟೈನರಿಗೆ ಕೋಪ ಬಂದಿತು. ಪ್ರಕಟಣೆಗೆಂದು ಕಳುಹಿಸಿದ ಲೇಖನವನ್ನು ಅಚ್ಚಾಗುವ ಮೊದಲೇ ಬೇರೆಯವರಿಗೆ ತೋರಿಸಲು ನಿಮಗೆ ಅನುಮತಿ ಕೊಟ್ಟಿರಲಿಲ್ಲ ಎಂಬ ಅರ್ಥದ ಕಾಗದವನ್ನು ಬರೆದು ಲೇಖನವನ್ನು ಹಿಂದಕ್ಕೆ ಪಡೆದರು. ಜರ್ಮನಿಯ ಪತ್ರಿಕೆಗಳಲ್ಲಿ ಅವರಿಗೆ ಇಂಥ ಅನುಭವ ಆಗಿರಲಿಲ್ಲವೆಂಬುದನ್ನು ನೆನೆದರೆ ಕೋಪವನ್ನು ಅಷ್ಟಿಷ್ಟು ಅರ್ಥಮಾಡಿಕೊಳ್ಳಬಹುದು. ಸ್ವಾರಸ್ಯವಿರುವುದು ಮುಂದಿನ ಕಥೆಯಲ್ಲಿ. ಪ್ರಿನ್ಸ್‌ಟನ್ನಿನಲ್ಲಿ ಹವರ್ಡ್ ರಾಬರ್ಟ್‌ಸನ್ ಎಂಬ ಭೌತವಿಜ್ಞಾನಿ ಐನ್‌ಸ್ಟೈನರ ಹೊಸ ಸಹಾಯಕ ಲಿಯೊಪೋಲ್ಡ್ ಇನ್‌ಫೆಲ್ಡರೊಡನೆ ಮಾತನಾಡುತ್ತ ತಪ್ಪನ್ನು ವಿವರಿಸಿದರು. ಇನ್‌ಫೆಲ್ಡರು ತಿಳಿಸಿದಾಗ, ತಮಗೂ ಆ ಹೊತ್ತಿಗೆ ಒಂದು ದೋಷ ಕಂಡಿತ್ತೆಂದು ಐನ್‌ಸ್ಟೈನರು ಹೇಳಿದರಂತೆ. ೧೯೩೭ರಲ್ಲಿ ಲೇಖನ ಬೇರೊಂದು ಪತ್ರಿಕೆಯಲ್ಲಿ ತಿದ್ದಿದ ರೂಪದಲ್ಲಿ, ತಿರುವುಮುರುವಾದ ತೀರ್ಮಾನದೊಡನೆ ಬಂದಿತು. ಆ ಗುಪ್ತ ಪರಿಶೀಲಕರು ರಾಬರ್ಟ್‌ಸನ್ನರೇ ಎಂಬುದು ಪತ್ರಿಕೆಯ ಹಳೆಯ ದಾಖಲೆಗಳಿಂದ ಲೋಕಕ್ಕೆ ಗೊತ್ತಾದುದು ೨೦೦೫ರಲ್ಲಿ. ಅಲೆಗಳು ಉಪಕರಣಕ್ಕೆ ಸಿಕ್ಕಿದುದು ೨೦೧೫ರ ಸೆಪ್ಟೆಂಬರ್ ೧೪ರಂದು. ಎದುರಿಗೆ ಯಾರೇ ಇರಲಿ, ಹೆಸರು ಮರೆಯಲ್ಲಿದ್ದುದರಿಂದ ರಾಬರ್ಟ್‌ಸನ್ನರು ನಿರ್ಭಯವಾಗಿ ಬರೆದರೆಂಬುದನ್ನು ನೆನಪಿನಲ್ಲಿಡಿ; ಮುಂದೆ ಬೇಕಾಗುತ್ತದೆ.

ಅಂದಿಗೂ ಎಲ್ಲ ಪತ್ರಿಕೆಗಳೂ ಹೀಗೆ ಮಾಡುತ್ತಿರಲಿಲ್ಲ. ೧೯೫೩ರಲ್ಲಿ ಡಿ.ಎನ್.ಎ.ಯ ರಚನೆಯನ್ನು ಕುರಿತ ವಾಟ್ಸನ್ ಮತ್ತು ಕ್ರಿಕ್ ಅವರ ಲೇಖನವನ್ನು ‘ನೇಚರ್’ ಪತ್ರಿಕೆ ಪರಿಶೀಲಕರಿಗೆ ಕಳುಹಿಸಲಿಲ್ಲ. ಆ ಪತ್ರಿಕೆಯಲ್ಲಿ ಇದು ಕಟ್ಟುನಿಟ್ಟಿನ ನಿಯಮವಾದುದು ೧೯೭೩ರಿಂದ.

ನಿಯಮವಾದ ಮೇಲೆ ಅದನ್ನು ಪರೀಕ್ಷಿಸಬೇಕೆಂಬ ಬುದ್ಧಿ ಕೆಲವರಿಗೆ ಹುಟ್ಟಿತು. ಡಗ್ಲಸ್ ಪೀಟರ್ಸ್ ಮತ್ತು ಸ್ಟೀಫನ್ ಸೆಸಿ ಎಂಬಿಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಸಿದ್ಧ ಸಂಸ್ಥೆಗಳವರು ಬರೆದ, ಆಗಲೇ ಪ್ರಕಟವಾಗಿದ್ದ ಹನ್ನೆರಡು ಲೇಖನಗಳನ್ನು ಆರಿಸಿದರು. ಲೇಖಕರ ಮತ್ತು ಸಂಸ್ಥೆಗಳ ಹೆಸರನ್ನು ಬದಲಿಸಿ, ಯಾರೂ ಕೇಳರಿಯದ ಹೆಸರುಗಳನ್ನು ಹಚ್ಚಿ, ಮೊದಲು ಅಚ್ಚು ಹಾಕಿದ್ದ ಪತ್ರಿಕೆಗಳಿಗೇ ಮರಳಿ ಕಳುಹಿಸಿದರು. ಇದು ಹಳೆಯ ಲೇಖನವೆಂದು ಗುರುತು ಹಿಡಿದುದು ಮೂರು ಸಂದರ್ಭಗಳಲ್ಲಿ. ಉಳಿದ ಒಂಬತ್ತರಲ್ಲಿ ಎಂಟು ತಿರಸ್ಕೃತವಾದುವು, ಅದೂ ಬಹುಪಾಲು ಸಂಶೋಧನೆಯ ವಿಧಾನ ದೋಷಯುಕ್ತವೆಂಬ ಕಾರಣದಿಂದ! ೧೯೮೨ರಲ್ಲಿ ಇದು ಪ್ರಕಟವಾದಾಗ ದೊಡ್ಡ ಗದ್ದಲವೆದ್ದಿತು. ಆದರೆ ಈ ಪ್ರಯೋಗದಲ್ಲಿಯೂ ಒಂದು ನ್ಯೂನತೆಯುಂಟು. ಹೆಸರುವಾಸಿಗಳ ಹೆಸರನ್ನು ಹಾಗೆಯೇ ಉಳಿಸಿ ಕಳುಹಿಸಿದ ಇನ್ನೊಂದು ಗುಂಪು ಇಲ್ಲದಿದ್ದುದರಿಂದ, ತಿರಸ್ಕಾರಕ್ಕೆ ಹೆಸರೇ ಕಾರಣವೋ, ಎರಡನೆಯ ಸಲ ಯಾರು ಕಳುಹಿಸಿದ್ದರೂ ಹೀಗೆಯೇ ಆಗುತ್ತಿತ್ತೋ ಹೇಳುವಂತಿಲ್ಲ. ಹೋಲಿಕೆಯ ಗುಂಪಿಲ್ಲದ ಪ್ರಯೋಗ ಒಂದೇ ತಟ್ಟೆಯ ತಕ್ಕಡಿಯಿದ್ದಂತೆ.

ಹೆಚ್ಚು ಅಚ್ಚುಕಟ್ಟಾದ ಪರೀಕ್ಷೆಯೊಂದನ್ನು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ನಡೆಸಿತು. ಅದರ ಫಲ ೧೯೯೮ರಲ್ಲಿ ಪ್ರಕಟವಾಯಿತು. ಪ್ರಕಟಣೆಗೆ ಒಪ್ಪಿದ್ದ ಒಂದು ಲೇಖನವನ್ನು ಲೇಖಕರ ಸಮ್ಮತಿಯಿಂದ ತೆಗೆದುಕೊಂಡು ಅದರಲ್ಲಿ ಬೇಕೆಂದೇ ಎಂಟು ದೋಷಗಳನ್ನು ಸೇರಿಸಿದರು. ಅದನ್ನು ೪೨೦ ಪರಿಶೀಲಕರಿಗೆ ಕಳುಹಿಸಿದರು. ವರದಿ ಬರೆದವರು ೨೨೧ ಮಂದಿ. ಎಂಟು ದೋಷಗಳಲ್ಲಿ ಒಬ್ಬೊಬ್ಬರು ಸರಾಸರಿ ಎಷ್ಟನ್ನು ಕಂಡುಹಿಡಿದರು? ಎರಡನ್ನು ಮಾತ್ರ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡೋಣ. ಎಂಟರಲ್ಲಿ ಎರಡೆಂದರೆ ಕಾಲುಭಾಗ. ಅಂದರೆ ಒಂದು ದೋಷ ಒಬ್ಬ ಪರಿಶೀಲಕನ ಕಣ್ಣಿಗೆ ಬೀಳುವ ಸಂಭವ ೧/೪, ತಪ್ಪಿಸಿಕೊಳ್ಳುವ ಸಂಭವ ೩/೪. ಇಬ್ಬರು ಪರಿಶೀಲಕರಿದ್ದರೆ ಇಬ್ಬರಿಂದಲೂ ತಪ್ಪಿಸಿಕೊಳ್ಳುವ ಸಂಭವ ೩/೪ × ೩/೪ = ೯/೧೬; ನೂರಕ್ಕೆ ಐವತ್ತಾರು. ನಾಲ್ವರಿದ್ದರೆ ೮೧/೨೫೬, ನೂರಕ್ಕೆ ಸುಮಾರು ಮೂವತ್ತೆರಡು. ಹತ್ತು ಮಂದಿಯಿದ್ದರೆ ನೂರಕ್ಕೆ ಆರಕ್ಕೂ ಕಡಿಮೆ. ಕಣ್ಣುಗಳು ಹೆಚ್ಚಿದಂತೆ ದೋಷಕ್ಕೆ ಅಡಗಲು ಜಾಗ ಕಡಿಮೆಯಾಗುತ್ತದೆ. ಹಾಗಾದರೆ ಇಬ್ಬರು ಮೂವರಿಗೆ ಗುಟ್ಟಾಗಿ ತೋರಿಸುವ ಬದಲು ಬಾಗಿಲು ತೆರೆದು ಸಾವಿರ ಮಂದಿಗೆ ಏಕೆ ತೋರಿಸಬಾರದು? ಈ ಲೆಕ್ಕವನ್ನು ನೋಡಿದವರಿಗೆಲ್ಲ ಸಹಜವಾಗಿ ಹೊಳೆಯುವ ಉಪಾಯವಿದು. ೨೦೦೬ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪರೀಕ್ಷಿಸಿಯೇ ನೋಡಿತು.

ಏರ್ಪಾಟು ಹೀಗಿತ್ತು. ಸಂಪಾದಕರು ಪರಿಶೀಲನೆಗೆ ಯೋಗ್ಯವೆಂದು ಆರಿಸಿದ ಲೇಖನಗಳ ಕರ್ತೃಗಳನ್ನು, ನಿಮ್ಮ ಹಸ್ತಪ್ರತಿಯನ್ನು ಬಹಿರಂಗವಾಗಿ ಇಡೋಣವೇ ಎಂದು ಕೇಳುವುದು. ಒಪ್ಪಿದರೆ ಅದನ್ನು ಅಂತರ್ಜಾಲದಲ್ಲಿ ಎಲ್ಲರೂ ಓದುವಂತೆ ಇಡುವುದು. ಯಾವ ವಿಜ್ಞಾನಿಯಾದರೂ ಟಿಪ್ಪಣಿ ಬರೆಯಬಹುದು, ಆದರೆ ಹೆಸರು ಹಾಕಿ ಬರೆಯಬೇಕು. ಜೊತೆಯಲ್ಲಿ ಹಳೆಯ ಗುಪ್ತ ಪರಿಶೀಲನೆಯೂ ಎಂದಿನಂತೆ ನಡೆಯುವುದು. ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ, ನಾಲ್ಕು ತಿಂಗಳು ಇದು ನಡೆಯಿತು.

ಆ ಅವಧಿಯಲ್ಲಿ ಪರಿಶೀಲನೆಗೆ ಹೋದ ಲೇಖನಗಳು ೧,೩೬೯. ಬಹಿರಂಗ ಪರೀಕ್ಷೆಗೆ ಒಪ್ಪಿದವರು ೭೧ ಲೇಖನಗಳವರು ಮಾತ್ರ, ನೂರಕ್ಕೆ ಐದು. ಈ ೭೧ರಲ್ಲಿ ೩೩ ಲೇಖನಗಳಿಗೆ ಒಂದೇ ಒಂದು ಟಿಪ್ಪಣಿಯೂ ಬರಲಿಲ್ಲ. ಉಳಿದ ೩೮ಕ್ಕೆ ಬಂದ ಟಿಪ್ಪಣಿಗಳು ಒಟ್ಟು ೯೨. ಅವುಗಳಲ್ಲಿಯೂ ೪೯ ಎಂಟೇ ಲೇಖನಗಳ ಮೇಲೆ ಮುತ್ತಿದ್ದುವು. ಮಿಕ್ಕ ಮೂವತ್ತಕ್ಕೆ ದೊರೆತವು ೪೩. ನೋಡಲು ಬಂದವರು ಕಡಿಮೆಯೇನಲ್ಲ: ವಾರಕ್ಕೆ ಸರಾಸರಿ ೫,೬೦೦ ಸಲ ಆ ಪುಟಗಳನ್ನು ತೆರೆದು ನೋಡಲಾಗಿತ್ತು. ನೋಡಿದವರು ಸಾವಿರಾರು, ಬಾಯಿ ಬಿಟ್ಟವರು ಬೆರಳೆಣಿಕೆಯಷ್ಟು. ಈ ಟಿಪ್ಪಣಿಗಳಿಂದ ತಮ್ಮ ತೀರ್ಮಾನ ಬದಲಾಯಿತೆಂದು ಯಾವ ಸಂಪಾದಕರೂ ಹೇಳಲಿಲ್ಲ. ಡಿಸೆಂಬರಿನಲ್ಲಿ ಪತ್ರಿಕೆ ಈ ಅಂಕಿಗಳನ್ನೆಲ್ಲ ಪ್ರಕಟಿಸಿ, ಏರ್ಪಾಟನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿತು. ಸೋತ ಪ್ರಯೋಗದ ಫಲವನ್ನು ಹೀಗೆ ಮುಚ್ಚಿಡದೆ ಹೇಳಿದುದು ಮೆಚ್ಚತಕ್ಕ ನಡತೆ.

ಇದೊಂದೇ ಅಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಸೂಚಿಯಲ್ಲಿರುವ ಯಾವ ಲೇಖನಕ್ಕಾದರೂ ವಿದ್ವಾಂಸರು ಟಿಪ್ಪಣಿ ಸೇರಿಸಬಹುದೆಂಬ ಸೌಲಭ್ಯವನ್ನು ‘ಪಬ್‌ಮೆಡ್ ಕಾಮನ್ಸ್’ ಎಂಬ ಹೆಸರಿನಲ್ಲಿ ೨೦೧೩ರಲ್ಲಿ ಆರಂಭಿಸಿದರು. ೨೦೧೮ರಲ್ಲಿ ಅದನ್ನು ಮುಚ್ಚುವಾಗ, ಎರಡು ಕೋಟಿ ಎಂಬತ್ತು ಲಕ್ಷ ಲೇಖನಗಳಲ್ಲಿ ಟಿಪ್ಪಣಿ ಪಡೆದವು ಆರು ಸಾವಿರ ಮಾತ್ರವೆಂದು ತಿಳಿದುಬಂದಿತು. ಹತ್ತು ಸಾವಿರಕ್ಕೆ ಎರಡರ ಲೆಕ್ಕ.

ನಮ್ಮ ಸುಂದರವಾದ ಗುಣಾಕಾರ ಎಲ್ಲಿ ತಪ್ಪಿತು? ಅದರಲ್ಲಿ ನಾವು ಎರಡು ಮಾತುಗಳನ್ನು ಗೊತ್ತಿಲ್ಲದೆ ಒಪ್ಪಿಕೊಂಡುಬಿಟ್ಟಿದ್ದೆವು. ಮೊದಲನೆಯದು, ಒಬ್ಬ ಪರಿಶೀಲಕನ ಕಣ್ಣಿಗೂ ಇನ್ನೊಬ್ಬನ ಕಣ್ಣಿಗೂ ಸಂಬಂಧವಿಲ್ಲವೆಂಬುದು. ವಾಸ್ತವದಲ್ಲಿ ಎಲ್ಲರೂ ಒಂದೇ ಬಗೆಯ ಶಿಕ್ಷಣ ಪಡೆದವರು. ಸುಲಭವಾದ ದೋಷ ಎಲ್ಲರಿಗೂ ಕಾಣುತ್ತದೆ, ಕಠಿನವಾದುದು ಯಾರಿಗೂ ಕಾಣುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು: ಸಾವಿರ ಮಂದಿಗೆ ತೋರಿಸಿದರೆ ಸಾವಿರ ಮಂದಿಯೂ ಪರೀಕ್ಷಿಸುವರೆಂಬುದು. ರಾತ್ರಿ ಪ್ರತಿಯೊಬ್ಬರೂ ಕೊಳಕ್ಕೆ ಒಂದು ಕೊಡ ಹಾಲು ಹೊಯ್ಯಬೇಕೆಂದು ಅರಸನು ಆಜ್ಞೆ ಮಾಡಿದಾಗ, ಬೆಳಗ್ಗೆ ಕೊಳದ ತುಂಬ ನೀರೇ ಇದ್ದ ಕಥೆಯನ್ನು ನೀವು ಕೇಳಿದ್ದೀರಿ. ಊರಿಗೆಲ್ಲ ವಹಿಸಿದ ಕೆಲಸ ಯಾರಿಗೂ ವಹಿಸದ ಕೆಲಸವಾಗುತ್ತದೆ. ಹಸ್ತಪ್ರತಿಯೊಂದನ್ನು ಸರಿಯಾಗಿ ಪರೀಕ್ಷಿಸಲು ಹಲವು ಗಂಟೆಗಳ ದುಡಿಮೆ ಬೇಕು. ಸಂಪಾದಕರು ಹೆಸರು ಹಿಡಿದು ಕೇಳಿದಾಗ ದಾಕ್ಷಿಣ್ಯಕ್ಕಾದರೂ ಮಾಡುವ ಆ ಕೆಲಸವನ್ನು, ಯಾರೂ ಕೇಳದಿದ್ದಾಗ ಮಾಡುವವರು ಅಪರೂಪ.

ಜೊತೆಗೆ ಅಂಜಿಕೆಯೂ ಉಂಟು. ಇಂದು ನೀವು ಹೆಸರು ಹಾಕಿ ಖಂಡಿಸಿದ ಹಿರಿಯರೇ ನಾಳೆ ನಿಮ್ಮ ಉದ್ಯೋಗದ ಸಂದರ್ಶನದಲ್ಲಿ ಎದುರಿಗೆ ಕುಳಿತಿರಬಹುದು. ಈ ಅಂಜಿಕೆಯನ್ನು ಅಳೆದು ನೋಡಿದ್ದಾರೆ. ಮೇಲೆ ಹೇಳಿದ ವೈದ್ಯಕೀಯ ಪತ್ರಿಕೆಯೇ ೧೯೯೯ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಪರಿಶೀಲಕರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ನಿಮ್ಮ ಹೆಸರನ್ನು ಲೇಖಕರಿಗೆ ತಿಳಿಸುತ್ತೇವೆಂದು ಒಂದು ಪಾಲಿಗೆ ಹೇಳಿದರು. ಆ ಪಾಲಿನಲ್ಲಿ ಕೆಲಸವನ್ನೇ ಒಲ್ಲೆನೆಂದವರು ನೂರಕ್ಕೆ ೩೫, ಇನ್ನೊಂದರಲ್ಲಿ ೨೩. ಆದರೆ ಒಪ್ಪಿ ಬರೆದವರ ವರದಿಗಳ ಗುಣದಲ್ಲಿ ಗಮನಾರ್ಹವಾದ ವ್ಯತ್ಯಾಸ ಕಾಣಲಿಲ್ಲ. ಈ ಫಲವನ್ನು ಕಂಡ ಸಂಪಾದಕರು, ಗುಣ ಕೆಡುವುದಿಲ್ಲವಾದರೆ ಗುಟ್ಟೇಕೆ ಎಂದು, ಮುಂದೆ ಹೆಸರನ್ನು ತಿಳಿಸುವ ಪದ್ಧತಿಯನ್ನೇ ತಮ್ಮ ಪತ್ರಿಕೆಗೆ ಆರಿಸಿಕೊಂಡರು. ಅದೇ ಅಂಕಿಗಳನ್ನು ನೋಡಿ ಬೇರೊಬ್ಬರು ವಿರುದ್ಧವಾಗಿ ತೀರ್ಮಾನಿಸಿದ್ದರೂ ತಪ್ಪೆನ್ನುವಂತಿರಲಿಲ್ಲ.

ಬಹಿರಂಗ ಸಭೆಯಲ್ಲಿ ಸತ್ಯವೇ ಗೆಲ್ಲುತ್ತದೆಂದು ನಂಬುವವರು ನಮ್ಮ ಚಂದ್ರಶೇಖರರ ಅನುಭವವನ್ನು ನೆನೆಯಬೇಕು. ೧೯೩೫ರ ಜನವರಿ ೧೧ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಇಪ್ಪತ್ತನಾಲ್ಕರ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರರು, ಶ್ವೇತಕುಬ್ಜ ನಕ್ಷತ್ರಗಳ ದ್ರವ್ಯರಾಶಿಗೆ ಒಂದು ಮೇಲ್ಮಿತಿ ಇದೆಯೆಂದು ಮಂಡಿಸಿದರು. ಒಡನೆಯೇ ಎದ್ದ ಹಿರಿಯ ಆರ್ಥರ್ ಎಡಿಂಗ್ಟನ್ನರು ಅದನ್ನು ಎಲ್ಲರೆದುರು ಅಲ್ಲಗಳೆದು ಹಾಸ್ಯ ಮಾಡಿದರು. ಚಂದ್ರಶೇಖರರೇ ಸರಿಯೆಂದು ಖಾಸಗಿಯಾಗಿ ಒಪ್ಪಿದ ಭೌತವಿಜ್ಞಾನಿಗಳಿದ್ದರು. ಆದರೆ ಎಡಿಂಗ್ಟನ್ನರ ವಿರುದ್ಧ ಬಹಿರಂಗವಾಗಿ ನಿಲ್ಲಲು ಆಗ ಅವರು ಮುಂದೆ ಬರಲಿಲ್ಲ. ಆ ಮೇಲ್ಮಿತಿ ಇಂದು ಚಂದ್ರಶೇಖರರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ೧೯೮೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ರಾಬರ್ಟ್‌ಸನ್ನರು ಮರೆಯಲ್ಲಿದ್ದು ಐನ್‌ಸ್ಟೈನರಿಗೆ ಹೇಳಿದಂತೆ, ಎಡಿಂಗ್ಟನ್ನರಿಗೆ ಹೇಳುವವರು ಆ ಸಭೆಯಲ್ಲಿ ಇರಲಿಲ್ಲ.

ಆದರೂ ತೆರೆದ ಬಾಗಿಲು ವ್ಯರ್ಥವೆಂದು ಹೇಳುವುದು ಆತುರದ ಮಾತಾದೀತು. ೨೦೧೦ರ ಡಿಸೆಂಬರಿನಲ್ಲಿ ಬಂದ ಒಂದು ವಾರ್ತೆ ಹಲವರಿಗೆ ನೆನಪಿರಬಹುದು. ಕ್ಯಾಲಿಫೋರ್ನಿಯದ ಮೋನೋ ಸರೋವರದ ಒಂದು ಬ್ಯಾಕ್ಟೀರಿಯ ತನ್ನ ಡಿ.ಎನ್.ಎ.ಯಲ್ಲಿ ರಂಜಕದ ಬದಲು ಆರ್ಸೆನಿಕ್ ಎಂಬ ವಿಷಧಾತುವನ್ನು ಬಳಸಬಲ್ಲುದೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಬಂದಿತು. ಆವರ್ತಕೋಷ್ಟಕದಲ್ಲಿ ಆರ್ಸೆನಿಕ್ ಇರುವುದು ರಂಜಕದ ನೇರ ಕೆಳಗೆ, ಗುಣಗಳು ಹೋಲುತ್ತವೆ. ಆದುದರಿಂದ ಮೇಲುನೋಟಕ್ಕೆ ಇದು ಅಸಂಭವವಲ್ಲ. ಲೇಖನ ಗುಪ್ತ ಪರಿಶೀಲಕರನ್ನು ದಾಟಿ ಬಂದಿತ್ತು. ಆದರೆ ಪ್ರಕಟವಾದ ಕೆಲವೇ ದಿನಗಳಲ್ಲಿ ಕೆನಡದ ಸೂಕ್ಷ್ಮಜೀವಿ ವಿಜ್ಞಾನಿ ರೋಸಿ ರೆಡ್‌ಫೀಲ್ಡ್ ಮೊದಲಾದವರು ಬಹಿರಂಗವಾಗಿ ಆಕ್ಷೇಪಣೆ ಎತ್ತಿದರು. ಆರ್ಸೆನಿಕ್ಕಿನ ಅಂಥ ಬಂಧಗಳು ನೀರಿನಲ್ಲಿ ಬಹುಬೇಗ ಒಡೆದುಹೋಗುತ್ತವೆ, ಡಿ.ಎನ್.ಎ.ಯನ್ನು ಸಾಕಷ್ಟು ಶುದ್ಧಿಮಾಡಿಲ್ಲ. ಬೆಳೆಸಿದ ದ್ರಾವಣದಲ್ಲಿಯೇ ಅಲ್ಪಸ್ವಲ್ಪ ರಂಜಕವಿತ್ತು, ಜೀವಿಗೆ ಅಷ್ಟೇ ಸಾಕಾಗಿರಬಹುದು. ೨೦೧೧ರಲ್ಲಿ ಪತ್ರಿಕೆ ಎಂಟು ವಿಮರ್ಶಾ ಟಿಪ್ಪಣಿಗಳನ್ನು ಒಟ್ಟಿಗೆ ಪ್ರಕಟಿಸಿತು. ೨೦೧೨ರಲ್ಲಿ ಎರಡು ತಂಡಗಳು ಪ್ರಯೋಗವನ್ನು ಮತ್ತೆ ಮಾಡಿ, ಆ ಬ್ಯಾಕ್ಟೀರಿಯ ಆರ್ಸೆನಿಕ್ಕನ್ನು ಸಹಿಸಿಕೊಳ್ಳುತ್ತದೆಯೇ ಹೊರತು ರಂಜಕವಿಲ್ಲದೆ ಬದುಕಲಾರದೆಂದು ತೋರಿಸಿದುವು. ೨೦೨೫ರ ಜುಲೈಯಲ್ಲಿ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ಇದರಲ್ಲಿ ವಂಚನೆಯೇನೂ ಇಲ್ಲವೆಂದು ಪತ್ರಿಕೆಯೇ ಹೇಳಿತು. ಲೇಖಕರು ಈ ಹಿಂತೆಗೆತವನ್ನು ಒಪ್ಪಲಿಲ್ಲ. ಇಲ್ಲಿ ಕರೆಯದೆಯೇ ಜನ ಬಂದರು. ವಿಷಯ ಅಷ್ಟು ಕುತೂಹಲದ್ದು. ಆದರೆ ಸಾವಿರಾರು ಲೇಖನಗಳಲ್ಲಿ ಇಂಥ ಗದ್ದಲ ಎಬ್ಬಿಸುವುದು ಒಂದೋ ಎರಡೋ. ಉಳಿದವು ಮೌನವಾಗಿ ಬಂದು ಮೌನವಾಗಿ ಹೋಗುತ್ತವೆ, ಅವುಗಳಲ್ಲಿಯೂ ತಪ್ಪುಗಳಿರುತ್ತವೆ.

ಇವೆರಡನ್ನೂ ಕೂಡಿಸಿದ ಏರ್ಪಾಟೊಂದು ಬಹುಕಾಲದಿಂದ ಬಾಳಿಕೊಂಡು ಬಂದಿದೆ. ವಾಯುಮಂಡಲದ ರಸಾಯನ ಮತ್ತು ಭೌತವಿಜ್ಞಾನಕ್ಕೆ ಮೀಸಲಾದ ‘ಅಟ್ಮಾಸ್ಫಿಯರಿಕ್ ಕೆಮಿಸ್ಟ್ರಿ ಅಂಡ್ ಫಿಸಿಕ್ಸ್’ ಎಂಬ ಪತ್ರಿಕೆ ೨೦೦೧ರಲ್ಲಿ ಆರಂಭವಾದಾಗಿನಿಂದಲೂ ಹಸ್ತಪ್ರತಿಯನ್ನು ಕೆಲವು ವಾರ ಬಹಿರಂಗವಾಗಿ ಇಡುತ್ತದೆ. ಯಾರು ಬೇಕಾದರೂ ಹೆಸರು ಹಾಕಿ ಬರೆಯಬಹುದು. ಆದರೆ ಅಷ್ಟಕ್ಕೇ ಬಿಡದೆ, ಸಂಪಾದಕರು ಪರಿಶೀಲಕರನ್ನು ನೇಮಿಸಿ ಬರೆಯಿಸುತ್ತಾರೆ. ಇವರು ಬೇಕಾದರೆ ಹೆಸರನ್ನು ಮರೆಮಾಡಬಹುದು. ಎಲ್ಲ ವರದಿಗಳೂ, ಲೇಖಕರ ಉತ್ತರಗಳೂ ಓದುಗರಿಗೆ ದೊರೆಯುತ್ತವೆ. ಕೇಳಿ ಬರೆಯಿಸಿದ ವರದಿ ಇದ್ದೇ ಇರುವುದರಿಂದ ಯಾವ ಲೇಖನವೂ ಅನಾಥವಾಗುವುದಿಲ್ಲ. ‘ನೇಚರ್’ ಸಹ ೨೦೨೫ರ ಜೂನ್‌ನಲ್ಲಿ, ಅಲ್ಲಿಂದ ಮುಂದೆ ಬಂದು ಪ್ರಕಟವಾಗುವ ಸಂಶೋಧನ ಲೇಖನಗಳೊಡನೆ ಪರಿಶೀಲಕರ ವರದಿಗಳನ್ನೂ ಲೇಖಕರ ಉತ್ತರಗಳನ್ನೂ ಪ್ರಕಟಿಸುವುದಾಗಿ ಸಾರಿತು. ಹೆಸರು ಹೇಳುವುದು ಬಿಡುವುದು ಪರಿಶೀಲಕರ ಇಷ್ಟ. ಹ್ಯೂಎಲನು ಬಯಸಿದ್ದ ಬಹಿರಂಗ ವರದಿಯೂ ಲಬ್ಬಾಕನು ಬಯಸಿದ್ದ ದೋಷಶೋಧನೆಯೂ ಸುಮಾರು ೧೯೦ ವರ್ಷಗಳ ಅನಂತರ ಹೀಗೆ ಒಂದೇ ಕಡೆ ಕೂಡಿವೆ.

ಇನ್ನು ವಿದ್ಯಾರ್ಥಿಗಳು ತಮ್ಮ ತರಗತಿಯಲ್ಲಿಯೇ ಮಾಡಿ ನೋಡಬಹುದಾದ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಇದಕ್ಕೆ ಕಾಗದದ ಹೊರತು ಬೇರೆ ಖರ್ಚಿಲ್ಲ. ಲೋಲಕದ ಪ್ರಯೋಗದ ವರದಿಯೊಂದನ್ನು ಎರಡು ಪುಟದಲ್ಲಿ ಬರೆದು, ಅದರಲ್ಲಿ ಎಂಟು ತಪ್ಪುಗಳನ್ನು ಸೇರಿಸುವಂತೆ ನಿಮ್ಮ ಅಧ್ಯಾಪಕರನ್ನು ಕೇಳಿಕೊಳ್ಳಿ: ಕೆಲವು ಸುಲಭವಾದವು, ಉದಾಹರಣೆಗೆ ಮೂಲಮಾನದ ತಪ್ಪು, ಕೆಲವು ಕಠಿನವಾದವು, ಉದಾಹರಣೆಗೆ ಲ್ಲಿ ಆಂದೋಲನದ ಕೋನ ತೀರ ದೊಡ್ಡದಾಗಿರುವುದು. ಮೂವತ್ತು ಮಂದಿ ಒಬ್ಬರೊಡನೊಬ್ಬರು ಮಾತನಾಡದೆ ತಪ್ಪುಗಳನ್ನು ಗುರುತಿಸಲಿ. ತಲೆಗೆ ಸರಾಸರಿ ಎಷ್ಟು ಸಿಕ್ಕಿತೆಂದು ಲೆಕ್ಕ ಹಾಕಿ. ಅದು ಎರಡೆಂದೇ ಬಂದರೆ, ಚೀಟಿ ಎತ್ತಿ ಜೋಡಿ ಮಾಡಿದಾಗ ಪ್ರತಿ ಜೋಡಿಗೂ ನಮ್ಮ ಗುಣಾಕಾರದ ಪ್ರಕಾರ ಸರಾಸರಿ ಮೂರೂವರೆ ತಪ್ಪುಗಳು ಸಿಗಬೇಕು. ನಿಮಗೆ ಸಿಗುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಎಂಬುದೇ, ನಿಮ್ಮ ತರಗತಿಯ ಕಣ್ಣುಗಳೆಲ್ಲ ಎಷ್ಟರಮಟ್ಟಿಗೆ ಒಂದೇ ಕಡೆ ನೋಡುತ್ತಿವೆ ಎಂಬುದರ ಅಳತೆ. ಮರುವಾರ ಇಂಥದೇ ಇನ್ನೊಂದು ವರದಿಯನ್ನು ತರಗತಿಯ ಗೋಡೆಗೆ ಅಂಟಿಸಿ, ಕೆಳಗೊಂದು ಖಾಲಿ ಹಾಳೆಯನ್ನಿಟ್ಟು, ತಪ್ಪು ಕಂಡವರು ಹೆಸರು ಸಹಿತ ಬರೆಯಬಹುದೆಂದು ಮಾತ್ರ ಸೂಚಿಸಿ ಬಿಟ್ಟುಬಿಡಿ. ಶನಿವಾರ ಹೋಗಿ ಆ ಹಾಳೆಯಲ್ಲಿ ಎಷ್ಟು ಸಾಲುಗಳಿವೆಯೆಂದು ಎಣಿಸಿ, ಮೊದಲ ಎಣಿಕೆಯ ಪಕ್ಕದಲ್ಲಿ ಬರೆದುಕೊಳ್ಳಿ.